ಶೇಡಬಾಳದಲ್ಲಿ ನನ್ನ ಒಲೆ

ಶೇಡಬಾಳಕ್ಕೆ ಬಂದ ಮೊದಲ ದಿನವೇ ಉಪವಾಸ ಮಲಗಿದೆ. ಬಾಡಿಗೆಗೆ ಹಿಡಿದ ಮಹಡಿ ಕೋಣೆಗೆ ಟ್ರಂಕು ಏರಿಸುವಾಗ ಸಂಜೆ ಐದೂವರೆಯಿರಬೇಕು. ಮನೆಯೊಡತಿ ಅಡುಗೆಮನೆಯಿಂದ ಹೊರಬಂದು, "ಅಕ್ಕೋರ, ಕೈಕಾಲ ತೊಕ್ಕೊಂಡ ಊಟಕ್ಕ ಬರ್ರಿ. ಹೊತ್ತ ಮುಳಗಾಕ ಬಂತು" ಎಂದರು. ಶಾಲೆಯ ಮೇಡಂಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ಐದೂವರೆಗೆ ಯಾರಾದರೂ ರಾತ್ರಿಯೂಟ ಮಾಡುತ್ತಾರೆಯೇ, ಉಪಚಾರದ ಮಾತಿರಬೇಕೆಂದು "ಆಮೇಲೆ ಮಾಡ್ತೀನಿ" ಎಂದೆ. ಎಂಟಕ್ಕೆ ಹಸಿದು ಕೆಳಗಿಳಿದರೆ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಸದ್ದಿಲ್ಲದೆ ಮೇಲೆ ಹತ್ತಿದೆ. ಅವರು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ತಿಳಿದದ್ದು ಮರುದಿನ.

ಕೂಡಲೇ ಒಂದು ಗ್ಯಾಸ್ ಒಲೆ ತಂದೆ. ನನ್ನ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಬೇಕೇ ಬೇಕು. ಕೆಳಗಿನ ಮನೆಯಲ್ಲಿ ಎರಡೂ ಹೊಸ್ತಿಲು ದಾಟುವುದಿಲ್ಲ. ಮನೆಯೊಡತಿಯನ್ನು ನಾನೂ ಎಲ್ಲರಂತೆ ಕಾಕು ಎನ್ನತೊಡಗಿದೆ. ಮರಾಠಿಯಿಂದ ಬಂದ ಮಾತು, ಚಿಕ್ಕಮ್ಮ ಎಂದು ಅರ್ಥ. ಅವರು ಸಂಜೆ ಉಂಡು ಕಟ್ಟೆಗೆ ಕೂರುವ ಹೊತ್ತಿಗೆ ನಾನು ಮೇಲೆ ಎಸರಿಡುತ್ತಿದ್ದೆ. ಇಲ್ಲಿಗೆ ಬರುವ ಮೊದಲು ನಾನಿದ್ದ ಚಿಂತಾಮಣಿಯ ಅಕ್ಕನ ಮನೆಯಲ್ಲಿ ಮುದ್ದೆ ಬಿಸಿಯಿರುವಾಗಲೇ ಎಲ್ಲರ ತಟ್ಟೆಗೆ ಬೀಳಬೇಕು, ತಡವಾದರೆ ಅಕ್ಕ ಬೈಯುತ್ತಿದ್ದಳು. ಇಲ್ಲಿ ಆರಿದ ಮುದ್ದೆಗೂ ಬೈಯುವವರಿಲ್ಲ.

ಗಡಿ ನನಗೆ ಹೊಸದಲ್ಲ. ನಮ್ಮ ಕಡೆ ಕನ್ನಡದೊಳಗೆ ತೆಲುಗು ಬೆರೆತರೆ ಇಲ್ಲಿ ಮರಾಠಿ. ಆದರೆ ನೀರು ಹೊಸದು. ಅಲ್ಲಿ ಪಾತಾಳಕ್ಕೆ ಕೊರೆದರೂ ಬೋರ್‌ವೆಲ್ ಧೂಳು ಉಗುಳುತ್ತದೆ; ಇಲ್ಲಿ ಕೃಷ್ಣೆಯ ನೀರು ಕುಡಿದ ಕಬ್ಬು ರಸ್ತೆಯನ್ನೇ ಮುಚ್ಚುತ್ತದೆ. ಒಂದು ದಿನ ಸಂತೆಯಲ್ಲಿ ಪೂರ್ತಿ ಮರಾಠಿಯಲ್ಲೇ ಚೌಕಾಸಿ ಮಾಡಿದೆ. "ನೀವು ಮಿರಜ ಕಡೇದವ್ರೇನ್ರಿ?" ಎಂದಳು ಮಾರುವವಳು. ಗಡಿಯಾಚೆಯ ಮರಾಠಿಯವಳೆಂದುಕೊಂಡಳಲ್ಲ ಎಂದು ಹಿಗ್ಗಿ ಹೋದೆ. ಕೋಣೆಗೆ ಬಂದರೆ ಹೇಳಿಕೊಳ್ಳಲು ಯಾರಿದ್ದಾರೆ? ಸಂತೆಯಿಂದ ತಂದ ಬದನೆಕಾಯಿಗೇ ಹೇಳಿದೆ.

ಹೀಗಿರುವಾಗ ಜನಗಣತಿ ಬಂತು, ಮನೆಮನೆ ಎಣಿಸುವ ಕೆಲಸ ನಮ್ಮ ಮಾಸ್ತರರ, ಅಕ್ಕೋರರ ತಲೆಗೆ ಬಿತ್ತು. ಯಾರ್‍ಯಾರಿದ್ದಾರೆ, ಏನು ದುಡಿಮೆ ಎಂದು ಕೇಳಿ ಬರೆಯಬೇಕು. ನನಗೆ ನಮ್ಮ ಓಣಿಯನ್ನೇ ಕೊಟ್ಟರು. ಊರು ಹೊರಗಿಂದ ಕಂಡಷ್ಟು ಸರಳವಾಗಿರಲಿಲ್ಲ. ಕಬ್ಬು ಕಡಿಯುವ ಕಾಲಕ್ಕೆ ಹೊಲದಂಚಿನಲ್ಲಿ ಗ್ಯಾಂಗಿನವರ ಜೋಪಡಿಗಳೆದ್ದು ಊರು ಉಬ್ಬುತ್ತದೆ, ಸಕ್ಕರೆ ಕಾರ್ಖಾನೆ ನಿಂತರೆ ಇಳಿಯುತ್ತದೆ. ಹೊಲ ಅಣ್ಣನಿಗಾದರೆ ತಮ್ಮ ಇಚಲಕರಂಜಿಯ ಮಗ್ಗಕ್ಕೆ ಹೋಗಿರುತ್ತಾನೆ. ಹೆಂಗಸರಲ್ಲಿ ಕೆಲವರು ಒಣದ್ರಾಕ್ಷಿ ಆರಿಸಲು ಶೆಡ್ಡುಗಳಿಗೆ ಹೋಗುತ್ತಾರೆ. ಕೆಲಸ ಏನೆಂದು ಕೇಳಿದರೆ "ಏನಿಲ್ರಿ, ಮನ್ಯಾಗ ಅದೇನಿ" ಎನ್ನುತ್ತಾರೆ.

ನಿಯಮ ಇಷ್ಟೇ: ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಮೂಲೆಮನೆಯ ಮುದುಕಿಯ ಇಬ್ಬರು ಸೊಸೆಯಂದಿರೂ ಬೇರೆ ಬೇರೆ ಬೇಯಿಸುತ್ತಿದ್ದರು. "ಒಲಿ ಎರಡಾದ್ರೂ ಮನಿ ಒಂದ ಐತ್ರಿ, ಅಕ್ಕೋರ. ಒಂದ ಅಂತ ಬರ್ಕೋರಿ" ಎಂದು ಮುದುಕಿ ಕೈಹಿಡಿದಳು. ನಾನು ಎರಡೆಂದೇ ಬರೆದೆ. ನಿಯಮ ನನ್ನ ಬೆನ್ನಿಗಿದೆಯೆಂಬ ಜಂಬವೂ ಇತ್ತೆನ್ನಿ.

ಕೊನೆಗೆ ನಮ್ಮ ಮನೆ ಬಂತು. ಕಾಕು, ಅವರ ಗಂಡ, ಮಗ, ಸೊಸೆ.

"ಐದ ಮಂದಿ ಬರ್ಕೋರಿ" ಎಂದರು ಕಾಕು.

"ಐದನೆಯವರು ಯಾರು ಕಾಕು?"

"ನೀವರಿ ಮತ್ತ! ಮ್ಯಾಲ ಇನ್ಯಾರ ಅದಾರ?"

"ನನ್ನ ಒಲೆ ಬೇರೆ ಅಲ್ವಾ" ಎಂದೆ. ಒಲೆಯ ಪ್ರಕಾರ ನನ್ನದೇ ಒಂದು ಕುಟುಂಬ, ಅದರಲ್ಲಿರುವವಳು ನಾನೊಬ್ಬಳೇ. ಒಂಟಿ ಎಂದು ಅಳುಕಿದ್ದು ಹೊಸತಲ್ಲ, ಅದನ್ನು ನನ್ನ ಕೈಯಾರೆ ಬರೆಯುವುದು ಮಾತ್ರ ಬೇಡವಾಗಿತ್ತು. ಕಾಕು ಬಿಡಲಿಲ್ಲ. "ಹಂಗಾರ ಇವತ್ತಿಂದ ಹೊತ್ತ ಮುಳಗೂದ್ರಾಗ ಬರ್ರಿ. ನಮ್ಮ ಒಲಿ ಮ್ಯಾಗಿಂದ ಉಣ್ರಿ. ಉಂಡ ಮ್ಯಾಲ ಬರ್ಕೋರಿ."

ಅಷ್ಟರಲ್ಲಿ ಅಕ್ಕನ ಫೋನು. ಅವಳಲ್ಲಿಗೂ ಎಣಿಸುವವರು ಬಂದಿದ್ದರು. "ನಿನ್ ಹೆಸ್ರೂ ಇಲ್ಲೇ ಬರ್ಸಿಬಿಟ್ಟೆ ಕಣಮ್ಮ. ನೀನು ನಮ್ಮನೆಯವಳಲ್ವಾ?" ಒಬ್ಬರು ಎರಡು ಕಡೆ ಇರುವಂತಿಲ್ಲ. "ಅಲ್ಲಿ ತೆಗೆಸಿಬಿಡಕ್ಕ, ನಾನಿರೋದು ಇಲ್ಲಿ" ಎಂದೆ. ಅವಳು ಬೈಯಬೇಕಿತ್ತು, ಜಗಳವಾಡಬೇಕಿತ್ತು. "ಆಯ್ತು, ಹೇಳ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟಳು.

ಸಂಜೆ ಐದೂವರೆಗೆ ಕೆಳಗೆ ಕುಳಿತೆ. ಸೊಸೆ ಜೋಳದ ರೊಟ್ಟಿ ಬಡಿಬಡಿದು ಹಾಕಿದಳು, ಕಾಕು ಬೆಣ್ಣೆ ಇಟ್ಟರು. ತಟ್ಟೆಯ ಮೇಲೆ ಇನ್ನೂ ಬಿಸಿಲಿತ್ತು. ಹೊಟ್ಟೆ ತುಂಬ ಉಂಡು, ಕೈ ತೊಳೆದು ಬಂದು, ಅವರೆದುರಿಗೇ ಐದು ಎಂದು ಬರೆದೆ. ಓದಲು ಬಾರದಿದ್ದರೂ ಕಾಕು ಬಗ್ಗಿ ನೋಡಿ ತಲೆದೂಗಿದರು.

ಎಂಟಾಯಿತು. ಕೆಳಗೆ ದೀಪ ಆರಿತ್ತು. ನನ್ನ ಹೊಟ್ಟೆ ಮಾತ್ರ ಚಿಂತಾಮಣಿಯ ಹೊತ್ತಿಗೆ ಸರಿಯಾಗಿ ಎದ್ದು ಕುಳಿತಿತು. ತಡೆದುಕೊಂಡೆ, ನೀರು ಕುಡಿದೆ, ಆಗಲಿಲ್ಲ. ಕಳ್ಳಿಯಂತೆ ಒಲೆ ಹಚ್ಚಿ ಎಸರಿಟ್ಟು ಹಿಟ್ಟು ಸುರಿದೆ. ಕೆಳಗೆ ಕಾಕುಗೆ ಕೇಳಿಸದಿರಲೆಂದು ಕೋಲನ್ನು ಮೆಲ್ಲಗೆ ಆಡಿಸಿದೆ. ಮೆಲ್ಲಗೆ ತೊಳಸಿದರೆ ಮುದ್ದೆ ಗಂಟಾಗುತ್ತದೆ, ಅಕ್ಕ ಕಂಡಿದ್ದರೆ ಬೈಯುತ್ತಿದ್ದಳು. ಗಂಟಾಯಿತು. ಅದನ್ನೇ ಉಂಡೆ.