ಬಡಿಸುವ ಕೈ

ತಮಿಳುನಾಡಿನ ನಮ್ಮ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಜೆಯೆಂದರೆ ಪ್ರತಿವರ್ಷವೂ ಒಂದೇ ನಮೂನೆ. ಅವರು ತಮ್ಮ ದೇಶದ ಉಡುಪು ತೊಟ್ಟು ದಸರಾ ಗೊಂಬೆಗಳ ಹಾಗೆ ಮುಂದಿನ ಸಾಲಿನಲ್ಲಿ ಕೂರಬೇಕು, ನಾವು ಫೋಟೋ ತೆಗೆಯಬೇಕು. ಆ ವರ್ಷ ಹೊಣೆ ವಿದ್ಯಾರ್ಥಿಗಳಾದ ನಮ್ಮ ಕೈಗೇ ಬಂತು. ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿ, ನೆಲದ ಮೇಲೆ ಸಾಲಾಗಿ ಬಾಳೆಎಲೆ ಹಾಸಿದೆವು.

ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಹಬ್ಬದೂಟಕ್ಕೆ ಹೊರಗಿನವರು ಬಡಿಸುವಂತಿಲ್ಲ, ಬಡಿಸುವವರು ಮನೆಯವರೇ. ಅದಕ್ಕೇ ಸಾಂಬಾರಿನ ಬಕೆಟ್ಟನ್ನು ಟಾಂಜಾನಿಯಾದ ನನ್ನ ಗೆಳತಿಯ ಕೈಗೆ ಕೊಟ್ಟೆ.

ಉಸ್ತುವಾರಿ ಮೇಷ್ಟ್ರು, ನಮ್ಮ ಕನ್ನಡದವರೇ, ಓಡಿ ಬಂದರು. "ಏನಮ್ಮಾ ಇದು, ಗೆಸ್ಟ್ ಕೈಲಿ ಬಡಿಸಿಸ್ತಾರಾ? ಮೊದಲು ಅವಳನ್ನ ಕೂರಿಸು."

"ಮೂರು ವರ್ಷದಿಂದ ಇಲ್ಲೇ ಇದಾಳೆ ಸಾರ್. ಇನ್ನೂ ಎಷ್ಟು ದಿನ ಗೆಸ್ಟು? ನೀವು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಗೆಳತಿ ಅನ್ನ ಬಡಿಸಿಟ್ಟರೂ ಯಾರೂ ಕೂರದಿದ್ದ ಎಲೆಯೊಂದರ ಮುಂದೆ ಬಕೆಟ್ಟು ಹಿಡಿದು ನಿಂತು, ಮನೆಯ ಹಿರಿಯಳ ಹಾಗೆ ತಮಿಳಿನಲ್ಲೇ ಗದರಿದಳು: "ಉಕ್ಕಾರುಂಗ ಸಾರ್, ಸಾದಂ ಆರಿಡುಂ!" ಅನ್ನ ಆರಿಹೋಗುತ್ತದೆಂದು ಗದರಿದ ಮೇಲೆ ಯಾರು ತಾನೇ ನಿಂತಿರುತ್ತಾರೆ? ಮೇಷ್ಟ್ರು ಪ್ಯಾಂಟು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

ಕಾಲೇಜಿನವರು ಆ ಸಂಜೆಯ ಫೋಟೋ ಕೇಳುತ್ತಲೇ ಇದ್ದಾರೆ. ಇಲ್ಲ, ತೆಗೆದಿಲ್ಲ. ಎಲ್ಲರ ಕೈಯೂ ಎಂಜಲಾಗಿತ್ತು.