ಸೋಮವಾರ ಕಿತ್ತ ಗೂಟಗಳು

ಮಾರುತಿಯ ಗೂಟಗಳನ್ನು ಕಿತ್ತವನು ನಾನು. ಗಾಳಿಯಲ್ಲ, ದನವಲ್ಲ, ದಾರಿಹೋಕನಲ್ಲ — ನಾನು, ಇದೇ ಎರಡು ಕೈಯಿಂದ, ಹಾಡಹಗಲಲ್ಲಿ. ಇದನ್ನು ಓದಿ ‘ಪಾಪ, ಮುದುಕ ಕಡೆಗಾದರೂ ಒಪ್ಪಿಕೊಂಡನಲ್ಲ’ ಎಂದು ಕನಿಕರಪಡುವವರು ಇಲ್ಲಿಗೇ ನಿಲ್ಲಿಸಿ. ಮಾರುತಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ — ಆಗ ಅವನ ಜಾಣತನಕ್ಕೆ, ಈಗ ನಾನು ಅವನಿಗೆ ಮಾಡಿದ್ದಕ್ಕೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಏಳುತ್ತಿತ್ತು. ಕೆಳಗೆ ರಾಮದುರ್ಗದ ಕಡೆ ಹೊಳೆ ಒಣಗಿದಾಗ ಪಾತ್ರದ ಉಸುಕನ್ನು ಪಡುವಣ ಗಾಳಿ ಎತ್ತಿ ತಂದು ದಂಡೆಗೆ ಸುರಿಯುತ್ತಿತ್ತು. ಹಾಗೆ ಸುರಿದೂ ಸುರಿದೂ ಅಲ್ಲೊಂದು ದಿಬ್ಬವಾಗಿತ್ತು. ಮರಳುಗಾಡಿನ ದಿಬ್ಬಗಳನ್ನು ಅಭ್ಯಾಸ ಮಾಡಬೇಕೆಂಬ ಆಸೆ ನಮ್ಮ ಪ್ರೊಫೆಸರರಿಗೆ. ರಾಜಸ್ಥಾನಕ್ಕೆ ಕಳಿಸುವವರು ಯಾರೂ ಇರಲಿಲ್ಲ. ಇದನ್ನೇ ನಮ್ಮ ಮರುಭೂಮಿ ಎಂದು ಹಿಡಿದರು. ಅವರು ಮೈಸೂರು ಸೀಮೆಯವರು. ಕೈಕೆಳಗೆ ಇಬ್ಬರು ವಿದ್ಯಾರ್ಥಿಗಳು. ನಾನು ಬೈಲಹೊಂಗಲ ಕಡೆಯ ಗೌಡರ ಮನೆಯವನು. ಮಾರುತಿ ಸವದತ್ತಿ ತಾಲೂಕಿನವನು, ಬೌದ್ಧರಾದ ದಲಿತರ ಹುಡುಗ, ಅವನ ತಾಯಿ ನಮ್ಮಂಥವರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದಳು. ಮುಂದಿನ ವರ್ಷಕ್ಕೆ ಸಂಶೋಧನೆಯ ಜಾಗ ಒಬ್ಬನಿಗೇ ಎಂದು ಪ್ರೊಫೆಸರರು ಮೊದಲೇ ಹೇಳಿದ್ದರು.

ದಿಬ್ಬ ನಡೆಯುತ್ತದೆ ಎನ್ನುವುದು ಮಾರುತಿಯ ವಾದ. ಗಾಳಿಗೆ ಎದುರಾದ ಮೈಯಿಂದ ಉಸುಕು ಉರುಳಿ ಮೇಲೇರುತ್ತದೆ, ನೆತ್ತಿ ದಾಟಿ ಆಚೆ ಬೀಳುತ್ತದೆ. ಹೀಗೆ ಕಾಳು ಕಾಳಾಗಿ ಇಡೀ ದಿಬ್ಬವೇ ಮೂಡಣಕ್ಕೆ ಸರಿದು ಹೊಲಗಳನ್ನು ನುಂಗುತ್ತದೆ. ಅದನ್ನು ತೋರಿಸಲು ಆಚೆ ಮಗ್ಗುಲಿನ ಬುಡದಿಂದ ಸಾಲಾಗಿ ಎಂಟು ಗೂಟ ನೆಟ್ಟು, ಬಣ್ಣದಲ್ಲಿ ಅಂಕಿ ಬರೆದ. ‘ಉಸುಕಿಗೂ ಕಾಲು ಹುಟ್ಟಿಸಿದನಪ್ಪ’ ಎಂದು ನಾನು ನಗಾಡಿದೆ. ಆ ಆಷಾಢದಲ್ಲಿ ಮಳೆ ಹನಿಯಲಿಲ್ಲ, ಬರೀ ಗಾಳಿ. ಮೂರು ಗೂಟಗಳು ಒಂದರ ಹಿಂದೆ ಒಂದು ಉಸುಕಿನಲ್ಲಿ ಮುಳುಗಿದವು. ನನ್ನ ನಗೆ ನಿಂತಿತು — ಅವನ ಅಳತೆ ಟೇಪಿನ ತುದಿ ಹಿಡಿದು ನಿಲ್ಲುವುದಕ್ಕೆ ನಾನು ಹುಟ್ಟಿದ್ದೆನೇ? ಗೌಡರ ಮಗ, ಇವನ ಟೇಪು! ಹೊಟ್ಟೆಕಿಚ್ಚು ಎನ್ನಿ, ಜಾತಿಯ ಸೊಕ್ಕು ಎನ್ನಿ. ಎರಡೂ ಇದ್ದವು.

ಮಂಗಳವಾರ ಪ್ರೊಫೆಸರರು ಕಣ್ಣಾರೆ ನೋಡಲು ಬರುವವರಿದ್ದರು. ಸೋಮವಾರ ನಾನೊಬ್ಬನೇ ಹೋದೆ. ಸೋಮವಾರ ಬಸವಣ್ಣನ ವಾರ. ನಮ್ಮ ಸೀಮೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸುತ್ತಲ ಹೊಲಗಳಲ್ಲಿ ನರಪಿಳ್ಳೆ ಇರಲಿಲ್ಲ. ಹುಗಿದುಹೋದ ಮೂರನ್ನೂ ಕೈಯಿಂದ ಬಗೆದು ತೆಗೆದೆ. ಎಂಟನ್ನೂ ಮುಂದಕ್ಕೆ ಒಯ್ದು, ಅದೇ ಅಂತರದಲ್ಲಿ, ಒಂದನೆಯದು ದಿಬ್ಬದ ಬುಡಕ್ಕೆ ಬರುವಂತೆ ನೆಟ್ಟೆ. ಸಂಜೆಯೊಳಗೆ ಗಾಳಿ ನನ್ನ ಹೆಜ್ಜೆಗಳನ್ನೆಲ್ಲ ಅಳಿಸಿಹಾಕಿತು.

ಮರುದಿನ ಎಂಟೂ ಗೂಟಗಳು ಬಯಲಲ್ಲಿ ನಿಂತಿದ್ದವು. ಪ್ರೊಫೆಸರರು ಮಾರುತಿಯ ನೋಟುಬುಕ್ಕನ್ನೂ ಗೂಟಗಳನ್ನೂ ನೋಡಿದರು. ‘ಮೂರು ಮುಳುಗಿವೆ ಅಂತ ಬರೆದಿದ್ದೀಯಲ್ಲಯ್ಯಾ?’

‘ಯಾರೋ ನಿನ್ನಿ ಕಿತ್ತು ಮುಂದ ನಟ್ಟಾರ್ರಿ ಸರ್’ ಎಂದ ಮಾರುತಿ.

‘ಹಗಲೆಲ್ಲ ಹೊಲದಲ್ಲಿ ಜನ ಇರ್ತಾರೆ. ಯಾರೂ ನೋಡಲಿಲ್ವಾ?’

‘ನಿನ್ನಿ ಸೋಮವಾರರಿ. ಸೋಮವಾರ ಇಲ್ಲೆ ಯಾರೂ ಎತ್ತ ಹೂಡೂದಿಲ್ರಿ. ಹೊಲದಾಗ ಯಾರೂ ಇರೂದಿಲ್ಲ.’

ಪ್ರೊಫೆಸರರು ನನ್ನ ಕಡೆ ತಿರುಗಿದರು. ‘ನೀನು ಒಕ್ಕಲು ಮನೆಯವನು. ಹೌದೇನಯ್ಯಾ ಇದು?’

ಒಮ್ಮೆ ನಮ್ಮ ಆಳು ಮರೆತು ಸೋಮವಾರ ಕುಂಟೆ ಹೂಡಿದ್ದಕ್ಕೆ ನಮ್ಮಪ್ಪ ಅಂದು ಊಟ ಬಿಟ್ಟಿದ್ದರು. ಅಂಥ ಮನೆಯ ಮಗ ನಾನು. ನಾನು ಹೇಳಿದೆ — ‘ಹಂಗೇನಿಲ್ರಿ ಸರ್. ಹೊಲಾ ಹರಗೂ ಕಾಲದಾಗ ಸೋಮವಾರ ಎಲ್ಲಿ ನೋಡ್ತಾರ್ರಿ? ನಮ್ಮ ಮನ್ಯಾಗೂ ಹೂಡತೇವಿ.’

ಅಷ್ಟೇ. ಪಕ್ಕದೂರಿನಲ್ಲಿ ಯಾರನ್ನು ಕೇಳಿದ್ದರೂ ನನ್ನ ಬಣ್ಣ ಬಯಲಾಗುತ್ತಿತ್ತು. ಕೇಳಬೇಕು ಎಂದು ಅವರಿಗೆ ಅನ್ನಿಸಲೇ ಇಲ್ಲ — ಗೌಡರ ಮಗ ಹೇಳಿದ ಮೇಲೆ ಮುಗಿಯಿತು. ‘ಸುಳ್ಳು ಲೆಕ್ಕ ಬರೆಯೋನಿಗೆ ವಿಜ್ಞಾನ ಯಾಕೆ?’ ಎಂದು ನೋಟುಬುಕ್ಕನ್ನು ಅವನ ಕೈಗೆ ತುರುಕಿ ಜೀಪಿನತ್ತ ನಡೆದರು.

ಮಾರುತಿ ನನ್ನ ಎದುರು ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

‘ಸೋಮವಾರ ನಮ್ಮವ್ವಗ ಕೂಲಿ ಇರೂದಿಲ್ಲ. ನೀವು ನೊಗಾ ಇಳಿಸಿದ ದಿನ ನಮ್ಮ ಮನಿ ಒಲಿ ಹೊತ್ತೂದಿಲ್ಲ. ಸೋಮವಾರ ಅಂದ್ರ ಏನಂತ ನನಗ ನೀ ಕಲಿಸತೀ?’

ನಾನು ನೆಲ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ — ಗೂಟ ಕಿತ್ತವರು ಇಂಥವರೆಂದು ಅವನು ಹೆಸರೆತ್ತಿರಲಿಲ್ಲ.

ಅವನ ಓದು ಅಲ್ಲಿಗೆ ನಿಂತಿತು. ನೇಸರಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟ ಎಂದು ಕೇಳಿದೆ. ಜಾಗ ನನಗೆ ಬಂತು, ಪದವಿಯೂ ಬಂತು. ‘ಈ ದಿಬ್ಬ ನೆಲೆನಿಂತಿದ್ದು, ಸರಿಯುವುದಿಲ್ಲ’ ಎಂದು ನಾನು ಬರೆದದ್ದಕ್ಕೆ ಕೆಂಪು ರಟ್ಟು ಹಾಕಿ ಗ್ರಂಥಾಲಯದಲ್ಲಿಟ್ಟರು. ಕೆಲವು ವರ್ಷಗಳ ಮೇಲೆ ಒಮ್ಮೆ ಹೋಗಿ ನೋಡಿದೆ. ಎಂಟೂ ಗೂಟಗಳ ಜಾಗ ದಾಟಿ, ಒಂದು ಹೊಲದ ಬದುವನ್ನು ನುಂಗಿ ದಿಬ್ಬ ಮುಂದೆ ಹೋಗಿತ್ತು. ಅಂದೂ ಬಾಯಿ ಬಿಡಲಿಲ್ಲ. ಇದನ್ನೆಲ್ಲ ಸಿಟ್ಟಿನ ಭರದಲ್ಲಿ ಮಾಡಿದೆ ಎನ್ನುವ ಹಾಗೂ ಇಲ್ಲ. ಅಧ್ಯಾಪಕನಾಗಿ ನಿವೃತ್ತಿಯಾಗುವವರೆಗೆ ಆ ಸುಳ್ಳನ್ನೇ ಪಾಠ ಮಾಡಿದೆ.

ಹೋದ ತಿಂಗಳು ನೇಸರಗಿಗೆ ಹೋಗಿ ಅವನಿಗೆ ಹೇಳಿದೆ. ಮಾರುತಿ ಕುಳಿತಲ್ಲಿಂದ ಏಳಲಿಲ್ಲ, ನನಗೆ ಕೂರು ಎನ್ನಲಿಲ್ಲ. ನಾನು ಮುಗಿಸುವವರೆಗೂ ಕೇಳಿದ. ಕ್ಷಮಿಸು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು — ಅಷ್ಟರಲ್ಲಿ ಅವನೇ ಅಂದ: ‘ನನಗ್ಯಾಕ ಹೇಳತೀರಿ ಗೌಡ್ರ? ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ದವರಿಗೆ ಹೇಳ್ರಿ.’

ಒಂದು ಕಾಲಕ್ಕೆ ನನ್ನನ್ನು ನೀ ಎನ್ನುತ್ತಿದ್ದವನು. ಆ ‘ರಿ’ ನನ್ನನ್ನು ಬಾಗಿಲಾಚೆ ನಿಲ್ಲಿಸಿತು.

ಪ್ರೊಫೆಸರರು ಈಗಿಲ್ಲ. ನನ್ನ ಪದವಿ ಸುಳ್ಳಿನದು, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ, ಮಾರುತಿ ಬರೆದ ಅಳತೆಯೇ ನಿಜ ಎಂದು ವಿಶ್ವವಿದ್ಯಾಲಯಕ್ಕೆ ಕಾಗದ ಹಾಕಿದ್ದೇನೆ. ಈಗ ಇದನ್ನು ಗೊತ್ತಿಲ್ಲದವರಿಗಾಗಿ ಬರೆದಿದ್ದೇನೆ. ಅವನು ಓದುತ್ತಾನೋ ಇಲ್ಲವೋ — ಕೇಳುವ ಹಕ್ಕು ನನಗಿಲ್ಲ.