ಹತ್ತನೆಯ ಗುಂಡು

೧೯೯೦ರಲ್ಲಿ ನಾನು ಕುವೈತಿನ ಒಂದು ತೈಲ ಸೇವಾ ಕಂಪನಿಯ ಆಡಳಿತ ವಿಭಾಗದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೆ. ಮನೆ ಅಬು ಹಲೀಫಾದಲ್ಲಿ, ಆಫೀಸು ಫಹಾಹೀಲಿನಲ್ಲಿ. ಸಂಬಳದ ಈ ಕೆಲಸದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಕಂಪನಿಯ ನೌಕರರು ನಡೆಸುತ್ತಿದ್ದ ರೈಫಲ್ ಕ್ಲಬ್ಬಿಗೆ ನಾನೇ ಎಂಟ್ರಿ ಸೆಕ್ರೆಟರಿ, ಸ್ಪರ್ಧೆಯ ಅರ್ಜಿಗಳನ್ನು ಪರಿಶೀಲಿಸುವವನು. ಪುತ್ತೂರು ಕಡೆಯ ಭಟ್ಟರ ಮನೆಯಲ್ಲಿ ಬೆಳೆದ ನನಗೆ ಪರಿಚಯವಿದ್ದ ಏಕೈಕ ಆಯುಧ ಅಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿ. ಬಂದೂಕಿನ ಸದ್ದಾದರೆ ಈಗಲೂ ಕಿವಿ ಮುಚ್ಚಿಕೊಳ್ಳುತ್ತೇನೆ. ಆದರೆ ನಿಯಮಪುಸ್ತಕ ಮಾತ್ರ ಬಾಯಿಪಾಠವಾಗಿತ್ತು. ಅದಕ್ಕೇ ಈ ಪಟ್ಟ.

ಪ್ರತಿ ಮಾರ್ಚ್‌ನಲ್ಲಿ ನಮ್ಮಲ್ಲಿ ಸರ್ವಿಸ್ ರೈಫಲ್ ಸ್ಪರ್ಧೆ ನಡೆಯುತ್ತಿತ್ತು. ಸರ್ವಿಸ್ ರೈಫಲ್ ಎಂದರೆ ಸೈನಿಕರಿಗೆ ಕೊಡುವ ಮಾದರಿಯ ಸಾದಾ ಬಂದೂಕು. ದುರ್ಬೀನು ಕೂರಿಸುವಂತಿಲ್ಲ, ಏನನ್ನೂ ತಿದ್ದುವಂತಿಲ್ಲ. ಕಬ್ಬಿಣದ ಗುರಿಕಿಂಡಿಯಲ್ಲಿ ಬರಿಗಣ್ಣಿನಿಂದ ನೋಡಿ ಹೊಡೆಯಬೇಕು. ಪ್ರವೇಶಕ್ಕೆ ಮುಖ್ಯ ಷರತ್ತುಗಳು ಮೂರು. ಸದಸ್ಯತ್ವಕ್ಕೆ ಆರು ತಿಂಗಳು ತುಂಬಿರಬೇಕು, ಆ ಅವಧಿಯಲ್ಲಿ ಶುಕ್ರವಾರಗಳಂದು ತಪ್ಪದೆ ರೇಂಜಿಗೆ, ಅಂದರೆ ಗುಂಡು ಹೊಡೆಯುವ ಮೈದಾನಕ್ಕೆ, ಬಂದಿರಬೇಕು. ರೇಂಜ್ ಆಫೀಸರ್ ನಡೆಸುವ ಸುರಕ್ಷತಾ ಪರೀಕ್ಷೆಯಲ್ಲಿ ಪಾಸಾಗಿರಬೇಕು. ಮತ್ತು ಹವ್ಯಾಸಿಯಾಗಿರಬೇಕು, ಅಂದರೆ ನಮ್ಮ ಕ್ಲಬ್ಬಿನ ಹೊರಗೆ ಗುಂಡು ಹೊಡೆದು ಸಂಬಳವನ್ನೋ ಬಹುಮಾನವನ್ನೋ ಪಡೆದವರು ಆಗದು.

ಈ ಆರು ತಿಂಗಳ ನಿಯಮವನ್ನು ಎಲ್ಲರೂ ಬೈಯುತ್ತಿದ್ದರು. ‘ಹೊಡೆಯಲು ಬರುತ್ತದೋ ಇಲ್ಲವೋ ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲವೇ?’ ಎನ್ನುವುದು ಅವರ ವಾದ. ಒಳಗೊಳಗೆ ನನ್ನದೂ ಅದೇ ವಾದ.

ಆ ವರ್ಷ ಅರ್ಜಿ ಹಾಕಿದವರಲ್ಲಿ ನಮ್ಮ ಕಂಪನಿಯ ಕ್ಲಿನಿಕ್ಕಿನ ನರ್ಸ್ ಬೋಜಮ್ಮ ಒಬ್ಬರು. ಮಡಿಕೇರಿ ಹತ್ತಿರದವರು, ನಲವತ್ತರ ಆಸುಪಾಸು, ಮಾತು ಕಡಿಮೆ. ಹಿಂದಿನ ಸೆಪ್ಟೆಂಬರಿನಲ್ಲಿ ಸೇರಿದ್ದರಿಂದ ಆರು ತಿಂಗಳು ಸರಿಯಾಗಿ ತುಂಬುತ್ತಿತ್ತು. ಜೂನ್‌ನಲ್ಲಿ ಕರಾರು ಮುಗಿಸಿ ಊರಿಗೆ ಹೊರಡುವವರಿದ್ದರು, ಹಾಗಾಗಿ ಅವರಿಗೆ ಇದೊಂದೇ ಅವಕಾಶ. ನಾನು ಅಭ್ಯಾಸಬಲದಿಂದ ಕೇಳಿದೆ.

“ಗುಂಡು ಹೊಡೆದು ಬಹುಮಾನ ಗಿಹುಮಾನ ಎಂತಾದರೂ ತಕ್ಕೊಂಡದ್ದುಂಟಾ ಸಿಸ್ಟರ್?”

“ಹೂಂ, ತಗೊಂಡಿದ್ದೀನಿ.”

“ಎಂತದು?”

“ತೆಂಗಿನಕಾಯಿ.”

ನಾನು ನಕ್ಕೆ. ಅವರು ನಗಲಿಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಒಂದು ವರ್ಷ ಅಜ್ಜನ ಕೋವಿಯಲ್ಲಿ ಇವರು ಕಾಯಿ ಉರುಳಿಸಿದ್ದರು, ಊರ ಹಿರಿಯರು ಒಂದು ಕಾಯಿ ಕೊಟ್ಟು ಹರಸಿದ್ದರು.

“ಅದನ್ನೆಲ್ಲ ಬಹುಮಾನ ಅಂತ ಯಾರು ಹೇಳ್ತಾರೆ? ಇಲ್ಲ ಅಂತ ಹೇಳಿ, ಆಯ್ತಲ್ಲ.”

“ಗೆದ್ದಿದ್ದನ್ನ ಗೆದ್ದಿಲ್ಲ ಅನ್ನೋಕಾಗುತ್ತಾ ಭಟ್ರೇ? ಕೋವಿ ವಿಷಯದಲ್ಲಿ ನಮ್ಮಲ್ಲಿ ಸುಳ್ಳು ಹೇಳೋದಿಲ್ಲ. ಹೇಳಿದವರ ಕೈಗೆ ಆಮೇಲೆ ಯಾರೂ ಕೋವಿ ಕೊಡೋದಿಲ್ಲ.”

ಇದ್ದದ್ದನ್ನು ಇದ್ದ ಹಾಗೆ ಹೇಳಿ ಸ್ಪರ್ಧೆಯನ್ನೇ ಕಳೆದುಕೊಳ್ಳಲು ಸಿದ್ಧರಾಗಿ ಕುಳಿತವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ವಿಷಯ ಸಮಿತಿಗೆ ಹೋಯಿತು. ಹಿಂದಿನ ಸಲ ಗೆದ್ದಿದ್ದ ಇಂಜಿನಿಯರ್ ಮಾಥುರ್ ಮಾತ್ರ ಆಕ್ಷೇಪ ಎತ್ತಿದರು, ಬಹುಮಾನ ಅಂದರೆ ಬಹುಮಾನ ಎಂದು. ರೇಂಜ್ ಆಫೀಸರ್ ಹ್ಯಾರಿಸ್, ಸೈನ್ಯದಿಂದ ನಿವೃತ್ತನಾದ ಕೆಂಪು ಮೀಸೆಯ ಮುದುಕ, ಬೋಜಮ್ಮನವರನ್ನೇ ಕೇಳಿದ: “ಆ ಕಾಯಿ ಈಗ ಎಲ್ಲಿದೆ?”

“ಅವತ್ತೇ ಸಾರಿಗೆ ಹಾಕಿದ್ವಿ.”

“ತಿಂದು ಮುಗಿಸಿದ ಬಹುಮಾನಕ್ಕೆ ನಮ್ಮಲ್ಲಿ ನಿಯಮವಿಲ್ಲ,” ಎಂದು ಹ್ಯಾರಿಸ್ ಸಹಿ ಹಾಕಿಬಿಟ್ಟ.

ಸ್ಪರ್ಧೆಯ ಶುಕ್ರವಾರ ಬೆಳಿಗ್ಗೆ ಮರುಭೂಮಿ ತಣ್ಣಗಿತ್ತು. ಹಿಂದಿನ ವಾರ ಬಿದ್ದ ಮಳೆಗೆ ಮರಳಿನ ಮೇಲೆ ತೆಳ್ಳಗೆ ಹಸಿರು ಚಿಗುರಿತ್ತು. ಮುನ್ನೂರು ಗಜ ದೂರದಲ್ಲಿ ಗುರಿಹಲಗೆಗಳು, ಅವುಗಳ ಹಿಂದೆ ಗುಂಡು ತಡೆಯಲು ಎತ್ತರದ ಮಣ್ಣಿನ ದಿಬ್ಬ, ಅದರ ಈ ಬದಿಯಲ್ಲಿ ಗುಂಡು ಹಾರುತ್ತಿದೆ ಎಂದು ಎಚ್ಚರಿಸುವ ಕೆಂಪು ಬಾವುಟ. ಬೋಜಮ್ಮ ರೈಫಲ್ಲನ್ನು ಹಣೆಗೆ ಮುಟ್ಟಿಸಿಕೊಂಡು, ಬೋರಲು ಮಲಗಿ ಗುರಿಯಿಟ್ಟರು. ಆಮೇಲಿನ ಅವರ ನಿಶ್ಚಲತೆಯನ್ನು ನಾನು ಈಗಲೂ ಮರೆತಿಲ್ಲ. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗೆ. ದೇವಸ್ಥಾನದಲ್ಲೂ ನಾನು ಅಷ್ಟು ಸುಮ್ಮನೆ ನಿಂತವನಲ್ಲ.

ಒಬ್ಬೊಬ್ಬರಿಗೆ ಹತ್ತು ಗುಂಡು. ಒಂಬತ್ತು ಮುಗಿದಾಗ ಮಾಥುರ್ ಮತ್ತು ಬೋಜಮ್ಮ ಸಮಸಮ. ಮಾಥುರ್ ಹತ್ತನೆಯದನ್ನು ನಡುವೃತ್ತಕ್ಕೇ ಹೊಡೆದರು. ಇನ್ನು ಉಳಿದದ್ದು ಬೋಜಮ್ಮನವರ ಒಂದು ಗುಂಡು. ಎಲ್ಲರೂ ಕಾದೆವು. ಅವರು ಟ್ರಿಗರ್‌ನಿಂದ ಬೆರಳು ತೆಗೆದು, ಎಡಗೈ ಎತ್ತಿ, ಗಟ್ಟಿಯಾಗಿ ಕೂಗಿದರು.

“ಸ್ಟಾಪ್!”

ಅಪಾಯ ಕಂಡರೆ ಯಾರು ಬೇಕಾದರೂ ಹಾಗೆ ಕೂಗಬಹುದು, ಕೂಗಿದ ಕೂಡಲೇ ಎಲ್ಲರೂ ಬಂದೂಕು ಖಾಲಿ ಮಾಡಬೇಕು. ಆದರೆ ನಮ್ಮ ಕ್ಲಬ್ಬಿನಲ್ಲಿ ಇನ್ನೊಂದು ಸಾಲೂ ಇತ್ತು. ಕಾರಣವಿಲ್ಲದೆ ಕೂಗಿದರೆ ಕೂಗಿದವರ ಉಳಿದ ಗುಂಡು ರದ್ದು. ಹ್ಯಾರಿಸ್ ಬೈನಾಕ್ಯುಲರ್ ಹಿಡಿದು ನೋಡಿದ. ದಿಬ್ಬ, ಬಾವುಟ, ಆಕಾಶ, ಅಷ್ಟೇ.

“ಖಲಾಸ್, ಭಟ್ ಜೀ,” ಮಾಥುರ್ ಮೆಲ್ಲಗೆ ನಕ್ಕರು. “ಸಿಸ್ಟರ್ ಕೀ ಗೋಲಿ ಗಯೀ.”

ಸಿಸ್ಟರ್ ಗುಂಡು ಹೋದಂತೆಯೇ. ರದ್ದು ಎಂದು ಬರೆಯಬೇಕಾದವನು ನಾನೇ. ಹತ್ತಿರ ಹೋಗಿ ಕೇಳಿದೆ, “ಎಂತ ಕಂಡಿತು ಸಿಸ್ಟರ್?”

“ದಿಬ್ಬದ ಹಿಂದಿಂದ ಹಕ್ಕಿಗಳು ಎದ್ದವು, ಭಟ್ರೇ. ನಮ್ಮ ಸದ್ದಿಗೆ ಹೆದರಿದ್ರೆ ಆ ಕಡೆ ಹಾರ್ಬೇಕಿತ್ತು. ಅವು ನಮ್ಮ ಕಡೇಗೇ ಬಂದ್ವು. ಅಲ್ಲಿ ಯಾರೋ ಇದ್ದಾರೆ.”

ಗುಂಡು ಹಾರಿ ಬರುವ ದಿಕ್ಕಿಗೇ ಹಕ್ಕಿ ಬರುತ್ತದೆಂದರೆ ಅದರ ಬೆನ್ನ ಹಿಂದೆ ಇನ್ನೂ ಹತ್ತಿರದ ಭಯವೊಂದಿದೆ. ಬೇಟೆಯ ಮನೆತನದ ಲೆಕ್ಕ ಅದು. ಆದರೆ ಹ್ಯಾರಿಸನ ಕಣ್ಣಿಗೆ ಇನ್ನೂ ಏನೂ ಬಿದ್ದಿರಲಿಲ್ಲ, ಮಾಥುರ್ ವಾಚು ನೋಡಿಕೊಳ್ಳುತ್ತಿದ್ದರು. ಬೋಜಮ್ಮ ಮಾತ್ರ ಖಾಲಿ ರೈಫಲ್ಲನ್ನು ಪಕ್ಕಕ್ಕಿಟ್ಟು ದಿಬ್ಬವನ್ನೇ ನೋಡುತ್ತ ಕುಳಿತಿದ್ದರು.

ಕೊನೆಗೆ ದಿಬ್ಬದ ಏಣಿನ ಮೇಲೆ, ಸರಿಯಾಗಿ ಬೋಜಮ್ಮನವರ ಗುರಿಹಲಗೆಯ ನೇರಕ್ಕೆ, ಒಂದು ಒಂಟೆಯ ತಲೆ ಎದ್ದಿತು. ಅದರ ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಮುದುಕ. ಹೊಸ ಹಸಿರು ಹುಡುಕುತ್ತ, ಬಾವುಟ ಕಾಣದ ಹಿಂಬದಿಯಿಂದ ಹತ್ತಿ ಬಂದಿದ್ದ ಒಂಟೆಗಾಹಿ. ಇಷ್ಟು ಜನ ತನ್ನನ್ನೇ ನೋಡುತ್ತಿರುವುದೇಕೆಂದು ಅರ್ಥವಾಗದೆ ಕೈಬೀಸಿ ಸಲಾಂ ಹೇಳಿದ. ಹ್ಯಾರಿಸ್ ಟೋಪಿ ತೆಗೆದ. ಮಾಥುರ್ ನೆಟ್ಟಗೆ ಬೋಜಮ್ಮನವರ ಬಳಿ ಬಂದು ಕೈಮುಗಿದರು. ಆ ಕ್ಷಣದಿಂದ ಆ ಮನುಷ್ಯನ ಮೇಲೆ ನನಗೆ ಗೌರವ.

ಒಂಟೆಗಾಹಿ “ಯಲ್ಲಾ” ಎಂದು ಒಂಟೆಗಳನ್ನು ಹೊಡೆದುಕೊಂಡು ದೂರ ಹೋದ. ತನಗೇನು ತಪ್ಪಿತೆಂದು ಅವನಿಗೆ ಗೊತ್ತೇ ಆಗಲಿಲ್ಲ. ಬೋಜಮ್ಮನವರಿಗೆ ಗುಂಡು ಮರಳಿ ಸಿಕ್ಕಿತು. ಹೊಡೆದರು. ನಡುವೃತ್ತ ಕೂದಲೆಳೆಯಲ್ಲಿ ತಪ್ಪಿ, ಕಪ್ ಮಾಥುರ್ ಪಾಲಾಯಿತು.

“ಕೈ ಸ್ವಲ್ಪ ನಡುಗ್ತು,” ಎಂದರು. “ಆ ಅಜ್ಜನ ಮುಖ ನೋಡ್ಬಿಟ್ಟೆನಲ್ಲ.”

ವಾಪಸು ಬರುವಾಗ ಜೀಪಿನಲ್ಲಿ ಹ್ಯಾರಿಸನನ್ನು ಕೇಳಿದೆ, ಆರು ತಿಂಗಳ ನಿಯಮ ಮಾಡಿದವರು ಯಾರು, ಏಕೆ ಎಂದು.

“ಹೊಡೆಯುವುದನ್ನು ಒಂದು ಶುಕ್ರವಾರದಲ್ಲಿ ಕಲಿಸಬಹುದು, ಭಟ್. ಹೊಡೆಯದೆ ಇರಲು ಬರುತ್ತದೋ ನೋಡಬೇಕಾದರೆ ಆರು ತಿಂಗಳು ಬೇಕು.”

ಜೂನ್‌ನಲ್ಲಿ ಬೋಜಮ್ಮ ಊರಿಗೆ ಹೋದರು. ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂತು, ಕ್ಲಬ್ಬಿನ ಬಾಗಿಲು ಮುಚ್ಚಿತು. ಆಮೇಲೆ ಮೂವತ್ತು ವರ್ಷ ಎಷ್ಟೋ ಕಚೇರಿಗಳಲ್ಲಿ ಎಷ್ಟೋ ನಿಯಮಗಳನ್ನು ಜಾರಿಗೆ ತಂದೆ. ಜನರನ್ನು ಕಾಯಿಸುವ ನಿಯಮ ಎದುರಾದಾಗಲೆಲ್ಲ, ಇದು ಯಾರನ್ನು ಉಳಿಸಲು ಇದೆ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಅದನ್ನು ಕಲಿಸಿದ್ದು ಆ ಮಾರ್ಚ್ ಎನ್ನುತ್ತೇನೆ, ಆದರೆ ಪಾಠ ಎದೆಗೆ ಇಳಿದದ್ದು ಆಗಸ್ಟ್‌ನಲ್ಲಿ.

ರೊಟ್ಟಿ ತರಲು ಫಹಾಹೀಲಿಗೆ ಹೊರಟವನನ್ನು ರಸ್ತೆಯಲ್ಲಿ ಒಬ್ಬ ಇರಾಕಿ ಸೈನಿಕ ತಡೆದ. ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ನನಗಿಂತ ಅವನೇ ಹೆಚ್ಚು ಹೆದರಿದ್ದ. ವಾಸದ ಪರವಾನಗಿ, ಇಕಾಮಾ, ತೆಗೆದು ತೋರಿಸಿದೆ. ತಿರುವಿ ತಿರುವಿ ನೋಡಿದ. ನನ್ನ ಕಡೆ ಎಲ್ಲವೂ ನಿಯಮದಂತೆ ಇತ್ತು. ನನ್ನ ಕಣ್ಣು ಮಾತ್ರ ಅವನ ಬಲಗೈಯ ಮೇಲೆ. ಬೆರಳು ಟ್ರಿಗರ್ ಮೇಲೆಯೇ ಇತ್ತು, ಸಣ್ಣಗೆ ನಡುಗುತ್ತಿತ್ತು. ಆ ಹುಡುಗನನ್ನು ಯಾರೂ ಆರು ತಿಂಗಳು ಕಾಯಿಸಿರಲಿಲ್ಲ.